ಇಂಟು ಗುರುತು: ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ಇದನ್ನು ಫೋನಿನಲ್ಲಿಯೇ ಹೇಳಬಹುದಾಗಿತ್ತು. ಆದರೆ ಫೋನಿನಲ್ಲಾದರೆ ನೀನು ಮೊದಲ ವಾಕ್ಯಕ್ಕೇ ಆಕ್ಷೇಪಣೆ ಎತ್ತುತ್ತೀಯೆ, ಮಾತು ಎಲ್ಲೆಲ್ಲೋ ಸುತ್ತಿ ಕಡೆಗೆ ಆ್ಯಪಲ್-ಸ್ಯಾಮ್‌ಸಂಗ್ ತೀರ್ಪಿಗೆ ಬಂದು ನಿಲ್ಲುತ್ತದೆ. ಹತ್ತು ವರ್ಷಕ್ಕೂ ಮೀರಿದ ನಮ್ಮ ಜಗಳಕ್ಕೆ ನಾಲ್ಕು ಜನ ಸಾಕ್ಷಿಯೂ ಇರಲಿ ಎಂದು ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನೀನು ಈ ಹೊತ್ತಿನಲ್ಲಿ ಚೆನ್ನೈನಲ್ಲಿ ಯಾರದೋ ಪೇಟೆಂಟ್ ಅರ್ಜಿಯ ಕ್ಲೈಮುಗಳನ್ನು ತಿದ್ದುತ್ತಾ ಕೂತಿರುತ್ತೀಯೆ. ಅದು ಮುಗಿದ ಮೇಲೆ ಓದು.

2012ರ ಆಗಸ್ಟ್ 25ರ ಶನಿವಾರ ನಿನಗೆ ನೆನಪಿರಲೇಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನ್ಯಾಯಾಲಯದಲ್ಲಿ ಒಂಬತ್ತು ಜನರ ಜ್ಯೂರಿ ಆ್ಯಪಲ್ ಪರವಾಗಿ ನಿಂತು, ಸ್ಯಾಮ್‌ಸಂಗ್ ಸುಮಾರು 105 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತ್ತು. ಅಲ್ಲಿಯ ಶುಕ್ರವಾರದ ಆ ತೀರ್ಪು ನಮಗೆ ಮುಟ್ಟಿದ್ದು ಶನಿವಾರ ಬೆಳಿಗ್ಗೆ. ಗಾಂಧಿ ಬಜಾರಿನ ಹೋಟೆಲಿನಲ್ಲಿ ದೋಸೆ ತಣ್ಣಗಾಗಿ ತುಪ್ಪ ಹೆಪ್ಪುಗಟ್ಟುವವರೆಗೂ ನಾವು ವಾದಿಸಿದೆವು. ಐಫೋನಿನ ಪಕ್ಕದಲ್ಲಿ ತಮ್ಮ ಫೋನನ್ನು ಇಟ್ಟು, ಎಲ್ಲೆಲ್ಲಿ ಅದರ ಹಾಗೆ ಆಗಬೇಕು ಎಂದು ಸ್ಯಾಮ್‌ಸಂಗ್‌ನವರು ಪಟ್ಟಿ ಮಾಡಿಕೊಂಡಿದ್ದ 132 ಪುಟಗಳ ಒಳವರದಿಯನ್ನು ನೀನು ಮುಂದಿಟ್ಟೆ. ವರ್ಷಗಟ್ಟಲೆ ಕೂತು ಒಬ್ಬರು ತಿದ್ದಿ ತೀಡಿದ್ದನ್ನು ಇನ್ನೊಬ್ಬರು ಅಳತೆ ತೆಗೆದುಕೊಂಡು ಮಾಡಿದರೆ ಅದು ಕಳ್ಳತನವೇ ಎಂದೆ. ಮೂಲೆ ದುಂಡಗಿರುವ ಕಪ್ಪು ಆಯತಕ್ಕೂ, ಕಪ್ಪು ತೆರೆಯ ಮೇಲೆ ಸಾಲಾಗಿ ಕೂತ ಹದಿನಾರು ಬಣ್ಣದ ಐಕಾನ್‌ಗಳಿಗೂ ಒಡೆಯರು ಇರಬಹುದಾದರೆ ನಾಳೆ ಬಾಗಿಲಿನ ಚೌಕಟ್ಟಿಗೂ ಇರುತ್ತಾರೆ ಎಂದು ನಾನು ಹೇಳಿದೆ. ಅದೇ ಜುಲೈನಲ್ಲಿ ಲಂಡನ್ನಿನ ನ್ಯಾಯಾಧೀಶ ಕಾಲಿನ್ ಬರ್ಸ್ ಅವರು, ಗ್ಯಾಲಕ್ಸಿ ಟ್ಯಾಬ್ ಐಪ್ಯಾಡಿನಷ್ಟು ಸೊಗಸಾಗಿಲ್ಲ, ಆದ್ದರಿಂದ ಯಾರೂ ಮೋಸಹೋಗುವುದಿಲ್ಲ ಎಂದು ತೀರ್ಪು ಕೊಟ್ಟಿದ್ದರು. ಅದನ್ನು ನಾನು ಗಟ್ಟಿಯಾಗಿ ಓದಿ ಹೇಳಿದಾಗ ಪಕ್ಕದ ಮೇಜಿನವರು ತಿರುಗಿ ನೋಡಿದ್ದೂ ನೆನಪಿದೆ.

ಆಮೇಲಿನ ವರ್ಷಗಳಲ್ಲಿ ನಾವಿಬ್ಬರೂ ಆ ಮೊಕದ್ದಮೆಯನ್ನು ಬಿಡಲಿಲ್ಲ. 1880ರ ದಶಕದ ಕಾರ್ಪೆಟ್ಟಿನ ಕಥೆಯನ್ನು ನನಗೆ ಹೇಳಿದವನು ನೀನು. ಜಮಖಾನೆಯ ಚಿತ್ತಾರವನ್ನು ನಕಲು ಮಾಡಿದ್ದಕ್ಕೆ ಅಮೆರಿಕದ ಸುಪ್ರೀಂ ಕೋರ್ಟು ಕೊಡಿಸಿದ ಪರಿಹಾರ ಕೇವಲ ಆರು ಸೆಂಟು, ಏಕೆಂದರೆ ಲಾಭದಲ್ಲಿ ಚಿತ್ತಾರದ ಪಾಲು ಎಷ್ಟು, ಜಮಖಾನೆಯ ಪಾಲು ಎಷ್ಟು ಎಂದು ಯಾರೂ ಬಿಡಿಸಿ ತೋರಿಸಲಾರದೆ ಹೋದರು. ಅದರಿಂದ ಕೆರಳಿದ ನೇಕಾರ ಕಂಪನಿಗಳ ಸಲುವಾಗಿ 1887ರಲ್ಲಿ, ವಿನ್ಯಾಸ ಕದ್ದವನು ಆ ವಸ್ತುವಿನ ಪೂರ್ತಿ ಲಾಭವನ್ನೇ ಒಪ್ಪಿಸಬೇಕು ಎಂಬ ಕಾನೂನು ಬಂತು. ಜಮಖಾನೆಗೆಂದು ಹೊಲಿದ ಆ ಅಂಗಿಯನ್ನೇ ಫೋನಿಗೂ ತೊಡಿಸಿದ್ದರು. 2016ರ ಡಿಸೆಂಬರ್ 6ರಂದು ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಅವರು ಎಂಟೂ ಜನರ ಒಮ್ಮತದ ತೀರ್ಪು ಬರೆದು, ‘ವಸ್ತು’ ಎಂದರೆ ಇಡೀ ಫೋನೇ ಆಗಬೇಕೆಂದಿಲ್ಲ, ಅದರ ಒಂದು ಬಿಡಿಭಾಗವೂ ಆಗಬಹುದು ಎಂದಾಗ, ನಾನು ಗೆದ್ದೆ ಎಂದು ನಿನಗೆ ನಡುರಾತ್ರಿ ಫೋನ್ ಮಾಡಿದ್ದೆ. 2018ರ ಮೇ ತಿಂಗಳಲ್ಲಿ ಇನ್ನೊಂದು ಜ್ಯೂರಿ 53.9 ಕೋಟಿ ಡಾಲರ್ ಎಂದಿತು; ಮುಂದಿನ ತಿಂಗಳೇ ಎರಡೂ ಕಂಪನಿಗಳು ರಾಜಿಯಾದವು.

ಪತ್ರಿಕೆಗಳು ಇಡೀ ಮೊಕದ್ದಮೆಯನ್ನು ಕಪ್ ಫೈನಲಿನ ಹಾಗೆ ಬರೆದವು. ಯಾರು ಎಷ್ಟು ಕೋಟಿಯಿಂದ ಗೆದ್ದರು, ಷೇರು ಎಷ್ಟು ಇಳಿಯಿತು, ಮುಂದಿನ ಮಾಡೆಲ್ ಯಾವಾಗ. ಆಗ ಎತ್ತಿಟ್ಟ ಒಂದು ಪತ್ರಿಕೆ ಇನ್ನೂ ನನ್ನ ಹತ್ತಿರ ಇದೆ: ಮುಖಪುಟವೆಲ್ಲ ಒಂದು ಫೋನಿನ ಜಾಹೀರಾತು, ತೀರ್ಪಿನ ಸುದ್ದಿ ಒಳಗಿನ ಪುಟದಲ್ಲಿ. ಫೋನಿನ ಸುದ್ದಿ ಓದಲು ಫೋನಿನ ಜಾಹೀರಾತನ್ನು ದಾಟಿ ಹೋಗಬೇಕಾಗಿತ್ತು ಎಂಬುದು ಆ ದಿನ ನನಗೆ ವಿಶೇಷವಾಗಿ ಕಾಣಲೇ ಇಲ್ಲ. ನಾವು ಕೂಡ ಒಡೆತನದ ಪ್ರಶ್ನೆಯೊಂದನ್ನೇ ಹಿಡಿದು ಕೂತಿದ್ದೆವು. ಈ ಗಾಜಿನ ಹಲಗೆ ಯಾರದು ಎಂದು ಇಷ್ಟು ವರ್ಷ ಕೇಳಿದವರು, ಅದು ಎದುರಿಗಿರುವ ಮನುಷ್ಯನಿಗೆ ಏನು ಮಾಡುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಸಲ ತೀರ್ಥಹಳ್ಳಿಗೆ ಹೋದಾಗ ಅಡಿಕೆ ಸುಲಿತದ ಕಾಲ. ಅಮ್ಮ ಸಂಜೆ ಕೈ ತೊಳೆದುಕೊಂಡು ಜಗುಲಿಯಲ್ಲಿ ಕೂತು ಫೋನಿನ ಸುದ್ದಿ ಆ್ಯಪಿನಲ್ಲಿ ಶಿವಮೊಗ್ಗದ ಅಡಿಕೆ ಧಾರಣೆ ನೋಡುತ್ತಿದ್ದಳು. ಎಷ್ಟು ತೊಳೆದರೂ ಚೊಗರು ಹೋಗುವುದಿಲ್ಲ ಎಂಬುದು ನಿನಗೂ ಗೊತ್ತು. ಹೆಬ್ಬೆರಳಿನ ಗೆರೆಗಳೊಳಗೆ ಕಪ್ಪು ಕೂತಿತ್ತು. ಅಡಿಕೆಯ ದರ್ಜೆಗಳ ಪಟ್ಟಿಯಲ್ಲಿ ಸರಕು ದಾಟಿ ಬೆಟ್ಟೆಯ ಸಾಲಿಗೆ ಬರುವಷ್ಟರಲ್ಲಿ ಸಾಲ ಕೊಡುವ ಆ್ಯಪೊಂದರ ಜಾಹೀರಾತು ಕೆಳಗಿನಿಂದ ಎದ್ದು ಪಟ್ಟಿಯನ್ನೆಲ್ಲ ಮುಚ್ಚಿತು. ಅಮ್ಮ ಮೂಲೆಯ ಇಂಟು ಗುರುತಿನ ಮೇಲೆ ಬೆರಳಿಟ್ಟಳು. ಜಾಹೀರಾತು ಮುಚ್ಚಲಿಲ್ಲ, ತೆರೆದುಕೊಂಡಿತು. ಹಿಂದಕ್ಕೆ ಬಂದು ಬೆರಳನ್ನು ಸೆರಗಿಗೆ ಒರೆಸಿಕೊಂಡು, ಉಗುರಿನ ತುದಿಯಿಂದ ಮತ್ತೆ ಒತ್ತಿದಳು. ಮತ್ತೆ ಅದೇ. ಮೂರನೆಯ ಸಲವೂ ಹಾಗೇ ಆದಾಗ ಫೋನನ್ನು ಮಡಿಲಿಗೆ ಹಾಕಿಕೊಂಡು, “ನನ್ನ ಬೆರಳೇ ದಪ್ಪ ಆಗಿದೆ ಕಣೋ. ವಯಸ್ಸಾಯ್ತು ನೋಡು, ಸಣ್ಣದನ್ನು ಮುಟ್ಟಕ್ಕೇ ಬರಲ್ಲ” ಎಂದಳು.

ಆ ಗುರುತು ನನಗೆ ಪರಿಚಯದ್ದು. ಬಿಳಿಯ ಮೇಲೆ ತೆಳು ಬೂದು ಬಣ್ಣ, ಮೂಲೆಯಿಂದ ತುಸು ಒಳಕ್ಕೆ ಸರಿದ ಜಾಗ, ಜಾಹೀರಾತು ಬಂದ ಮೂರು ಸೆಕೆಂಡಿನ ಮೇಲೆ ಮೂಡುವ ರೀತಿ. ಅದನ್ನು ಬರೆದವನು ನಾನು.

ನಾನು ಆ ಸುದ್ದಿ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಕಾಲ ನಿನಗೆ ಗೊತ್ತು. ಆದರೆ ಏನು ಮಾಡುತ್ತಿದ್ದೆ ಎಂದು ನಾನು ಹೇಳಿರಲಿಲ್ಲ, ನೀನು ಕೇಳಿರಲಿಲ್ಲ. ಬೆರಳಿಟ್ಟು ಒತ್ತುವ ಯಾವ ಗುಂಡಿಯೂ 44 ಪಾಯಿಂಟಿಗಿಂತ ಚಿಕ್ಕದಿರಬಾರದು ಎಂದು ಆ್ಯಪಲ್ ವಿನ್ಯಾಸಕಾರರಿಗೆ ಹೇಳುತ್ತದೆ. ಆ್ಯಂಡ್ರಾಯ್ಡ್‌ನವರು 48 ಡಿಪಿ ಎನ್ನುತ್ತಾರೆ (ಎರಡೂ ತೆರೆಯ ಮೇಲಿನ ಅಳತೆಯ ಮಾನಗಳು). ಅದು ಗಾಜಿನ ಮೇಲೆ ಹೆಚ್ಚುಕಡಿಮೆ 9 ಮಿಲಿಮೀಟರ್. ಈ ಕಸುಬಿಗೆ ಬಂದವರು ಮೊದಲ ವಾರವೇ ಕಲಿಯುವ ಅಳತೆ ಇದು. ನಾನೂ ಕಲಿತಿದ್ದೆ. ಮೊದಲು ಆ ಅಳತೆಗೇ ಬರೆದಿದ್ದೆ. ಆಮೇಲೆ ಎ/ಬಿ ಟೆಸ್ಟ್ ಮಾಡೋಣ ಎಂದರು: ಅರ್ಧ ಓದುಗರಿಗೆ ದೊಡ್ಡ ಗುರುತು, ಅರ್ಧ ಓದುಗರಿಗೆ ಸಣ್ಣ ಗುರುತು. ಸಣ್ಣದು ಹೆಚ್ಚು ಕ್ಲಿಕ್ ತಂದಿತು. ಅಮ್ಮನಂಥವರ ಬೆರಳು ತಪ್ಪಿದ್ದೆಲ್ಲ ನಮ್ಮ ಲೆಕ್ಕದಲ್ಲಿ ಆಸಕ್ತಿ ಎಂದು ದಾಖಲಾಯಿತು, ಜಾಹೀರಾತು ಕೊಟ್ಟವನಿಗೆ ಬಿಲ್ಲಾಗಿ ಹೋಯಿತು. ಅಂದರೆ ಓದುಗನಿಗೂ ಸುಳ್ಳು, ಹಣ ಕೊಟ್ಟವನಿಗೂ ಸುಳ್ಳು. ಆ ಸಾಲಿನಲ್ಲಿ ನನ್ನ ಸಂಬಳ ಏರಿತು.

ಇನ್ನೊಂದಿದೆ, ಅದನ್ನು ಬರೆಯುವ ಯೋಚನೆ ಇರಲಿಲ್ಲ. ಪರೀಕ್ಷಾ ವಿಭಾಗದಲ್ಲಿ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, ‘ಮುಚ್ಚುವ ಗುರುತು ಒತ್ತಲು ಆಗುತ್ತಿಲ್ಲ’ ಎಂದು ಒಂದು ಬಗ್ ದಾಖಲಿಸಿದ್ದಳು. ಜೊತೆಗೆ ತನ್ನ ಬೆರಳಿನ ಫೋಟೋ ತೆಗೆದು, ಅದರ ಪಕ್ಕದಲ್ಲಿ ಸ್ಕೇಲು ಇಟ್ಟು ಕಳಿಸಿದ್ದಳು. ನಾನು ಅದರ ಕೆಳಗೆ ‘ಆ್ಯಸ್ ಡಿಸೈನ್ಡ್’ ಎಂದು ಎರಡು ಪದ ಬರೆದು ಮುಚ್ಚಿದೆ. ನಿಜವನ್ನೇ ಬರೆದಿದ್ದೆ. ಅದು ವಿನ್ಯಾಸವೇ ಆಗಿತ್ತು.

ಶ್ರೀಧರ, 1994ನೇ ಇಸವಿಯನ್ನು ನಾನು ನಿನ್ನ ಮುಂದೆ ಎಷ್ಟು ಸಲ ಆಡಿಸಿದ್ದೇನೆ! ಅಮೆರಿಕದ ಪತ್ರಿಕಾ ಕಂಪನಿ ನೈಟ್ ರಿಡ್ಡರ್, ಕೊಲೊರಾಡೋದ ಬೋಲ್ಡರ್ ಊರಿನಲ್ಲಿ ಪ್ರಯೋಗಾಲಯ ನಡೆಸುತ್ತಿತ್ತು. ರೋಜರ್ ಫಿಡ್ಲರ್ ಎಂಬವರು ಅಲ್ಲಿ ಕೂತು, ಕೈಯಲ್ಲಿ ಹಿಡಿದು ಮುಟ್ಟಿ ಓದುವ ಪತ್ರಿಕೆಯ ಹಲಗೆಯೊಂದನ್ನು ಕಲ್ಪಿಸಿ ಆ ವರ್ಷ ವಿಡಿಯೋ ಮಾಡಿ ತೋರಿಸಿದ್ದರು. ಮುಂದೆ ಸ್ಯಾಮ್‌ಸಂಗ್ ಪರದವರು, ಟ್ಯಾಬ್ಲೆಟ್ಟಿನ ಆಕಾರ ಆ್ಯಪಲ್‌ಗಿಂತ ಮೊದಲೇ ಇತ್ತು ಎನ್ನಲು ಅದನ್ನೇ ಹಿಡಿದರು, ನಾನೂ ಅದನ್ನೇ ಹಿಡಿದು ನಿನ್ನನ್ನು ಕಟ್ಟಿಹಾಕಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ಎಂಬ ತಾಣ ಜಾಲದ ಮೊದಮೊದಲ ಬ್ಯಾನರ್ ಜಾಹೀರಾತುಗಳನ್ನು ಹಾಕಿತು ಎಂಬುದನ್ನು ಮಾತ್ರ ನಾನು ಎಂದೂ ಜೊತೆಗಿಟ್ಟು ನೋಡಿರಲಿಲ್ಲ. ಮರುವರ್ಷ ಬೋಲ್ಡರಿನ ಪ್ರಯೋಗಾಲಯ ಮುಚ್ಚಿತು, ಬ್ಯಾನರ್ ಬೆಳೆಯಿತು. ಹಲಗೆಯ ಆಕಾರಕ್ಕಾಗಿ ಕಂಪನಿಗಳು ಏಳು ವರ್ಷ ಕೋರ್ಟು ಹತ್ತಿದವು. ನನ್ನ ಬೂದು ಗುರುತನ್ನು ಎಷ್ಟೋ ಸುದ್ದಿ ಆ್ಯಪುಗಳು ಹಾಗೇ ಇಟ್ಟುಕೊಂಡಿವೆ. ಇದು ನಮ್ಮದು, ಕದ್ದಿದ್ದಾರೆ ಎಂದು ಯಾರೂ ಯಾರ ಮೇಲೂ ದಾವೆ ಹೂಡಿದ್ದನ್ನು ನಾನು ಕೇಳಿಲ್ಲ.

ಜಾಹೀರಾತೇ ಬೇಡ ಎನ್ನುವವನು ನಾನಲ್ಲ. ವರದಿಗಾರರಿಗೆ ಸಂಬಳ ಬೇಕು, ಅದು ಓದುಗ ಕೊಡುವ ಕಾಸಿನಿಂದಷ್ಟೇ ಹುಟ್ಟುವುದಿಲ್ಲ. ಅಮ್ಮ ಇಷ್ಟು ಕಾಲ ಮುದ್ರಿತ ಪತ್ರಿಕೆಯಲ್ಲಿ ಸೀರೆಯಂಗಡಿಯ ಜಾಹೀರಾತುಗಳನ್ನು ಸುದ್ದಿಯಷ್ಟೇ ಇಷ್ಟಪಟ್ಟು ನೋಡಿದ್ದಾಳೆ. ಆದರೆ ಪುಟ ತಿರುವಿದರೆ ಅದು ಹೋಗುತ್ತಿತ್ತು. ಕಾಗದ ಅವಳ ಬೆರಳನ್ನು ಎಂದೂ ಹಿಡಿದುಕೊಂಡಿರಲಿಲ್ಲ, ನಿನ್ನ ಬೆರಳೇ ಸರಿಯಿಲ್ಲ ಎಂದು ಅವಳಿಗೆ ಅನ್ನಿಸುವ ಹಾಗೆ ಮಾಡಿರಲಿಲ್ಲ.

2023ರ ನವೆಂಬರ್ 30ರಂದು ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ಒಂದು ಆಯ್ಕೆಯನ್ನು ಎತ್ತಿ ತೋರಿಸಿ ಇನ್ನೊಂದನ್ನು ಮರೆಮಾಡಿ ಬಳಕೆದಾರನನ್ನು ದಾರಿ ತಪ್ಪಿಸುವುದೂ ಅದರಲ್ಲಿ ಒಂದು. ಹೊರಬಂದ ವಾರವೇ ಅದನ್ನು ನಾನು ಓದಿದ್ದೆ, ಸಹೋದ್ಯೋಗಿಗಳಿಗೆ ಕಳಿಸಿಯೂ ಇದ್ದೆ, ಬೇರೆಯವರ ವಿಷಯ ಎಂಬಂತೆ. ಪಾಪ್-ಅಪ್ ಜಾಹೀರಾತಿನ ಕೋಡ್ ಬರೆದ ಈಥನ್ ಜುಕರ್‌ಮನ್ ಅವರು 2014ರಲ್ಲಿ ತಮ್ಮ ಹೆಸರು ಹಾಕಿಕೊಂಡು ಜನರ ಕ್ಷಮೆ ಕೇಳಿದ್ದರು. ಆಗ ನಾನು ಅದನ್ನು ಒಳ್ಳೆಯ ಲೇಖನ ಎಂದು ಮೆಚ್ಚಿಕೊಂಡೆ. ಜಗುಲಿಯಲ್ಲಿ ಅಮ್ಮನ ಎದುರು ಕೂತಾಗ ನನ್ನ ಬಾಯಿಂದ ಬಂದದ್ದು ಕ್ಷಮೆಯಲ್ಲ. “ಇರಲಿ ಬಿಡಮ್ಮ, ಮುಂದಿನ ಸಲ ದೊಡ್ಡ ಫೋನು ತರ್ತೀನಿ” ಎಂದೆ. ತಪ್ಪು ಅವಳ ಬೆರಳಿನದೇ ಎಂದು ಒಪ್ಪಿಕೊಂಡ ಹಾಗೆ ಆಯಿತು. ಅವಳು ಖುಷಿಪಟ್ಟಳು, ಕಾಫಿ ತರಲು ಒಳಗೆ ಹೋದಳು.

ಸಾಕು, ನಿನ್ನ ಮುಖ ಈಗ ಹೇಗಾಗಿದೆ ಎಂದು ಇಲ್ಲಿಂದಲೇ ಕಾಣುತ್ತಿದೆ. ಅದಕ್ಕೆ ನಿನ್ನ ಕಸುಬಿನ ಮಾತೊಂದನ್ನು ಆಡುತ್ತೇನೆ. ಪೇಟೆಂಟ್ ಎನ್ನುವುದು ಮಾಡುವ ಹಕ್ಕಲ್ಲ, ಬೇರೆಯವರು ಮಾಡದಂತೆ ತಡೆಯುವ ಹಕ್ಕು ಎಂದು ನೀನೇ ಎಷ್ಟೋ ಸಲ ಹೇಳಿದ್ದೀಯೆ. ಹಾಗಾದರೆ ನನ್ನ ಇಂಟು ಗುರುತಿಗೆ ಪೇಟೆಂಟ್ ಮಾಡಿಸಿಕೊಟ್ಟುಬಿಡು. ಇಪ್ಪತ್ತು ವರ್ಷ ಯಾರಿಗೂ ಬಿಟ್ಟುಕೊಡದೆ ಪೆಟ್ಟಿಗೆಯಲ್ಲಿಟ್ಟು ಕೂರುತ್ತೇನೆ. ನಗಬೇಡ, ಇದಕ್ಕೆ ಹಿಂದಿನ ಉದಾಹರಣೆಯೂ ಇದೆ. ಒಂದೇ ಕ್ಲಿಕ್ಕಿನಲ್ಲಿ ಕೊಳ್ಳುವ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಪೇಟೆಂಟ್ ಪಡೆದು, ಅದೇ ಡಿಸೆಂಬರಿನಲ್ಲಿ ಬಾರ್ನ್ಸ್ ಆ್ಯಂಡ್ ನೋಬಲ್ ಮೇಲೆ ತಡೆಯಾಜ್ಞೆ ತಂದಾಗ, ಆ ಪುಸ್ತಕದಂಗಡಿಯವರು ತಮ್ಮ ಗಿರಾಕಿಗೆ ಇನ್ನೊಂದು ಹೆಜ್ಜೆ ಸೇರಿಸಬೇಕಾಯಿತು. ಕೊಳ್ಳುವ ಮುನ್ನ ಒಂದು ಕ್ಷಣ ನಿಲ್ಲುವ ಅವಕಾಶವನ್ನು ಜನರಿಗೆ ಕೊಟ್ಟದ್ದು, ಯಾರೂ ಬಯಸದಿದ್ದರೂ, ಒಂದು ಪೇಟೆಂಟ್. ನೀನು ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ತೆಗೆಯುತ್ತೀಯೆ, ಗೊತ್ತು: ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ನಮ್ಮಲ್ಲಿ ಪೇಟೆಂಟ್ ಇಲ್ಲ. 3(ಬಿ) ಕೂಡ ತೆಗೆ. ಸಾರ್ವಜನಿಕ ನೈತಿಕತೆಗೆ ವಿರುದ್ಧವಾದದ್ದಕ್ಕೂ ಇಲ್ಲ. ಎರಡನೆಯ ಕಾರಣಕ್ಕೆ ಅರ್ಜಿ ತಿರಸ್ಕಾರವಾದರೆ ಆ ಆದೇಶದ ಪ್ರತಿಯನ್ನು ನನಗೆ ಕಳಿಸು, ಬೇಕಾಗುತ್ತದೆ.

ಈಗಿನ ನನ್ನ ಕೆಲಸದಲ್ಲಿ ಮುಚ್ಚುವ ಗುರುತುಗಳೆಲ್ಲ 48 ಡಿಪಿ ಇವೆ. ಹಳೆಯ ಸಂಸ್ಥೆಗೆ ಒಂದು ಕಾಗದ ಬರೆದಿದ್ದೇನೆ, ಆ ಹುಡುಗಿ ಸ್ಕೇಲು ಇಟ್ಟು ತೆಗೆದಿದ್ದ ಫೋಟೋ ಯಾವುದೆಂದು ಬಗ್ಗಿನ ಸಂಖ್ಯೆ ಸಮೇತ ತಿಳಿಸಿ, ಉತ್ತರ ಬಂದಿಲ್ಲ. ದೊಡ್ಡ ಫೋನನ್ನೂ ಒಯ್ದು ಕೊಟ್ಟೆ, ಆದರೆ ಅಮ್ಮ ಅದನ್ನು ಡಬ್ಬಿಯಿಂದ ತೆಗೆದಿಲ್ಲ. ಧಾರಣೆ ಬೇಕಾದಾಗ ಮಂಡಿಯ ಗುಮಾಸ್ತರಿಗೆ ಫೋನ್ ಮಾಡುತ್ತಾಳೆ. ಅವರು ಸರಕಿನಿಂದ ಗೊರಬಲಿನವರೆಗೆ ನಿಧಾನವಾಗಿ, ಅವಳು ಬರೆದುಕೊಳ್ಳುವಷ್ಟು ಹೊತ್ತು ತಡೆದು, ಹೇಳುತ್ತಾರಂತೆ.

ನಿನ್ನ,
ಇಂಟು ಗುರುತು ಬರೆದವನು