ಆಲೆಮನೆಯ ಸುಣ್ಣ ಪಾಠಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಹತ್ತನೆಯ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠವನ್ನು ಮಂಡ್ಯದ ಸುತ್ತಮುತ್ತ ಹಲವು ವರ್ಷ ಬೋಧಿಸಿದವನು ನಾನು. ಸಮೀಕರಣವನ್ನು ತಪ್ಪಿಲ್ಲದೆ ಬರೆಯುವ ಮಕ್ಕಳೇ ಅದೇ ಕ್ರಿಯೆ ಕಣ್ಣೆದುರು ನಡೆದಾಗ ಗುರುತಿಸಲಾರರು. ತಪ್ಪು ಮಕ್ಕಳದಲ್ಲ, ಕಲಿಸುವ ನಮ್ಮದು.

ಒಮ್ಮೆ ತಟಸ್ಥೀಕರಣಕ್ಕೆ, ಅಂದರೆ ಆಮ್ಲವೂ ಕ್ಷಾರವೂ ಸೇರಿ ಒಂದರ ಗುಣವನ್ನೊಂದು ಮುರಿಯುವ ಕ್ರಿಯೆಗೆ, ಉದಾಹರಣೆ ಕೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಹೈಡ್ರೋಕ್ಲೋರಿಕ್ ಆಮ್ಲ, ಸೋಡಿಯಂ ಹೈಡ್ರಾಕ್ಸೈಡ್ ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಅವನ ಮನೆಯವರದು ಆಲೆಮನೆ. ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಸುಣ್ಣವೇಕೆ ಹಾಕುತ್ತೀರಿ ಎಂದೆ. ‘ಹಾಕ್ದೇ ಇದ್ರೆ ಬೆಲ್ಲ ಕಟ್ಟಲ್ಲ, ಜಾಸ್ತಿಯಾದ್ರೆ ಕಪ್ಗಾಯ್ತದೆ ಸಾ’ ಎಂದ. ಕಬ್ಬಿನ ಹಾಲಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆಯಾದರೆ ಹುಳಿ) ಸುಮಾರು 5ರಿಂದ 5.5, ಆ ಹುಳಿಯಲ್ಲೇ ಕುದಿಸಿದರೆ ಅದರಲ್ಲಿನ ಸಕ್ಕರೆ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಬೆಲ್ಲ ಅಂಟಂಟಾಗುತ್ತದೆ, ಕ್ಷಾರವಾದ ಸುಣ್ಣ ಆ ಹುಳಿಯನ್ನು ಮುರಿಯುತ್ತದೆ, ಆದರೆ ಕ್ಷಾರ ಹೆಚ್ಚಾದರೆ ಈ ಸಕ್ಕರೆಗಳೇ ಕೆಟ್ಟು ಬಣ್ಣ ಕಪ್ಪಿಡುತ್ತದೆ. ಹುಡುಗನಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೆ ತಟಸ್ಥೀಕರಣವೆಂದು ಹೆಸರು ಎಂಬುದೊಂದೇ ಗೊತ್ತಿರಲಿಲ್ಲ.

ಆರತಿಗೆ ಅರಿಶಿನದ ನೀರಿನಲ್ಲಿ ಸುಣ್ಣ ಕದಡಿ ಓಕುಳಿ ಮಾಡುವ ಅಜ್ಜಿಯೂ ಸೂಚಕವನ್ನೇ, ಅಂದರೆ ಬಣ್ಣ ಬದಲಿಸಿ ಆಮ್ಲವೋ ಕ್ಷಾರವೋ ಎಂದು ತೋರಿಸುವ ವಸ್ತುವನ್ನೇ, ಬಳಸುತ್ತಾಳೆ. ಆದರೆ ಅರಿಶಿನ ಕ್ಷಾರಕ್ಕಷ್ಟೇ ಕೆಂಪಾಗುತ್ತದೆ, ಹುಣಸೆ ನೀರಿಗೆ ಹಳದಿಯಾಗಿಯೇ ಉಳಿಯುತ್ತದೆ. ಕೆಂಪು ದಾಸವಾಳದ ರಸವಾದರೆ ಹುಳಿಗೆ ಗುಲಾಬಿಯಾಗಿ, ಸುಣ್ಣಕ್ಕೆ ಹಸಿರಾಗಿ ಎರಡನ್ನೂ ಹೇಳಿಕೊಡುತ್ತದೆ. ಈ ವ್ಯತ್ಯಾಸವನ್ನು ಮಕ್ಕಳು ತಾವೇ ಕಂಡುಕೊಳ್ಳಲು ಅರ್ಧ ಗಂಟೆ ಸಾಕು.

ಕ್ಲೋರಿನ್‌ನಂಥ ಹ್ಯಾಲೊಜೆನ್ ಧಾತುಗಳ ಸಂಯುಕ್ತಗಳ ಪಾಡು ಇನ್ನೂ ಕಷ್ಟ. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಬೀಳುತ್ತಿರುವ ಶಾಯಿ ಪಕ್ಕದ ಮೈಸೂರಿನಲ್ಲೇ ತಯಾರಾಗುತ್ತದೆ. ಅದರ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ, ನೀರಿಗೆ ಕರಗದ, ಬೆಳಕಿಗೆ ಕಪ್ಪಾಗುವ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಮತಗಟ್ಟೆ ಇರುವುದು ಶಾಲೆಯ ಕೊಠಡಿಯಲ್ಲೇ ಆದರೂ ಪಾಠದಲ್ಲಿ ಈ ಮಾತು ಬರುವುದು ಅಪರೂಪ.

ಪಠ್ಯದಲ್ಲಿ ‘ಚೆಲುವೆ ಪುಡಿ’ ಎಂದು ಓದುವುದು ತೊಟ್ಟಿ ತೊಳೆಯಲು ತರುವ ಬ್ಲೀಚಿಂಗ್ ಪೌಡರೇ ಎಂಬುದು ಎಷ್ಟೋ ಮಕ್ಕಳಿಗೆ ಹೊಳೆದಿರುವುದಿಲ್ಲ. ಅದರ ಮೇಲೆ ಶೌಚಾಲಯ ತೊಳೆಯುವ ಆಸಿಡ್ ಸುರಿದರೆ ಕ್ಲೋರಿನ್ ಅನಿಲ ಹೊರಟು ಉಸಿರು ಕಟ್ಟುತ್ತದೆ. ಇದನ್ನು ಮಾಡಿ ತೋರಿಸುವಂತಿಲ್ಲ. ಕಪ್ಪುಹಲಗೆಯ ಮೇಲೆ ಬರೆದು, ಮನೆಯಲ್ಲಿ ಹೇಳಿ ಬನ್ನಿ ಎಂದು ಕಳಿಸಬೇಕು.

ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. ಬಣ್ಣದ ಚಾರ್ಟಿಗೆ ಕೊಡುವ ಅಂಕದಲ್ಲಿ ಸ್ವಲ್ಪವನ್ನಾದರೂ ಮನೆ, ಗದ್ದೆ, ಆಲೆಮನೆಯಲ್ಲಿ ಮಾಡಿದ ಇಂಥ ಪರೀಕ್ಷೆಗೆ ಮೀಸಲಿಡುವಂತೆ ಶಿಕ್ಷಣ ಇಲಾಖೆ ಸೂಚಿಸಬೇಕೆಂದು ಕೋರುತ್ತೇನೆ. ಚಿಟಿಕೆ ಸುಣ್ಣ, ಅರಿಶಿನ, ನಾಲ್ಕು ದಾಸವಾಳ ಇದ್ದರಾಯಿತು. ಪ್ರಯೋಗಾಲಯದ ಬೀರುವಿನ ಬೀಗದ ಕೈ ಹುಡುಕುವ ಕೆಲಸವೂ ಇಲ್ಲ.

– ನಿವೃತ್ತ ವಿಜ್ಞಾನ ಶಿಕ್ಷಕ, ಮಂಡ್ಯ