ಮಗಳಿಗೊಂದು ಪತ್ರ: ಗೂಟ ಜಗ್ಗಿ ನೋಡುವ ಕೋಶ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಹೋದ ಭಾನುವಾರ ಬಸ್ಸು ಹತ್ತುವ ಗಡಿಬಿಡಿಯಲ್ಲಿ ನೀನು, "ಕೋಶಕ್ಕೆ ಕಣ್ಣಿಲ್ಲ, ನರವಿಲ್ಲ; ತಾನು ಕುಳಿತ ಜಾಗ ಗಟ್ಟಿಯೋ ಮೆತ್ತಗೋ ಎಂದು ಹೇಗಪ್ಪ ತಿಳಿಯುತ್ತದೆ?" ಎಂದು ಕೇಳಿದ್ದಕ್ಕೆ, "ಮುಟ್ಟಿ ನೋಡುತ್ತದೆ" ಎಂದುಬಿಟ್ಟೆ. ಆ ಉತ್ತರ ಸರಿಯಿರಲಿಲ್ಲ. ಬರಿದೇ ಮುಟ್ಟಿದರೆ ಅದಕ್ಕೆ ಏನೂ ತಿಳಿಯದು. ಅದು ಜಗ್ಗಿ ನೋಡುತ್ತದೆ.

ನಿನ್ನಜ್ಜ ಹಸುವನ್ನು ಹೊಸ ಜಾಗದಲ್ಲಿ ಕಟ್ಟುವ ಮೊದಲು ಗೂಟಕ್ಕೆ ಹಗ್ಗ ಬಿಗಿದು ಒಮ್ಮೆ ಎಳೆಯುತ್ತಿದ್ದುದು ನಿನಗೆ ನೆನಪಿರಬೇಕು. ಮಳೆಗಾಲದ ಕೆಸರಿನಲ್ಲಿ ಗೂಟವೇ ವಾಲಿ ಬಂದು ಹಗ್ಗ ಸಡಿಲವಾಗಿಯೇ ಉಳಿಯುತ್ತಿತ್ತು. ಒಣನೆಲದಲ್ಲಿ ಗೂಟ ಅಲುಗದೆ ಹಗ್ಗವು ಅವರ ಅಂಗೈಯನ್ನು ಕೊರೆಯುತ್ತಿತ್ತು. ಕೋಶದ ಪೊರೆಯಲ್ಲಿದ್ದು ಹೊರಗಿನ ಕೊಲಾಜೆನ್ ನಾರನ್ನು ಹಿಡಿದಿರುವ ಇಂಟೆಗ್ರಿನ್ ಪ್ರೋಟೀನೇ ಆ ಗೂಟ, ಒಳಗಿನ ಆಕ್ಟಿನ್ ಎಳೆಗಳೇ ಹಗ್ಗ, ಎಳೆಯುವ ಕೈ ಮಯೋಸಿನ್ ಎಂಬ ಪ್ರೋಟೀನು. ಗೂಟಕ್ಕೂ ಹಗ್ಗಕ್ಕೂ ನಡುವೆ ಟ್ಯಾಲಿನ್ ಎಂಬ ಇನ್ನೊಂದು ಪ್ರೋಟೀನು ಗಂಟುಗಳ ಸರದಂತೆ ಮಡಚಿಕೊಂಡಿರುತ್ತದೆ. ನೆಲ ಗಟ್ಟಿಯಾಗಿದ್ದರೆ ಬಿಗಿತವೇರಿ ಗಂಟುಗಳು ಬಿಚ್ಚಿಕೊಳ್ಳುತ್ತವೆ, ಅದುವರೆಗೆ ಮರೆಯಾಗಿದ್ದ ಜಾಗಗಳಿಗೆ ವಿನ್‌ಕ್ಯುಲಿನ್ ಎಂಬ ಮತ್ತೊಂದು ಪ್ರೋಟೀನು ಬಂದು ಅಂಟಿಕೊಂಡು ಹಿಡಿತವನ್ನು ಇನ್ನಷ್ಟು ಭದ್ರಪಡಿಸುತ್ತದೆ. ಮೆತ್ತನೆಯ ನೆಲದಲ್ಲಿ ಅಷ್ಟು ಬಿಗಿತ ಕೂಡಿಬರುವುದೇ ಇಲ್ಲ.

ಇದರಿಂದ ಕೋಶದ ಬಾಳೇ ಬದಲಾಗಬಲ್ಲದು. 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಡಮ್ ಎಂಗ್ಲರ್, ಡೆನ್ನಿಸ್ ಡಿಷರ್ ಮತ್ತು ಸಂಗಡಿಗರು ಮನುಷ್ಯರ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು (ಯಾವ ಬಗೆಯ ಕೋಶವಾಗಬೇಕೆಂದು ಇನ್ನೂ ತೀರ್ಮಾನವಾಗದ ಕೋಶಗಳನ್ನು) ಕೊಲಾಜೆನ್ ಸವರಿದ ಪಾಲಿಅಕ್ರಿಲಮೈಡ್ ಜೆಲ್‌ಗಳ ಮೇಲೆ ಬೆಳೆಸಿದರು. ಪೋಷಕ ದ್ರವ ಎಲ್ಲಕ್ಕೂ ಒಂದೇ, ಜೆಲ್‌ನ ಗಡಸುತನ ಮಾತ್ರ ಬೇರೆಬೇರೆ. 1 ಕಿಲೋಪ್ಯಾಸ್ಕಲ್‌ವರೆಗಿನ (ಇದು ಗಡಸುತನದ ಅಳತೆ), ಅಂದರೆ ಮಿದುಳಿನಷ್ಟು ಮೃದುವಾದ ಜೆಲ್ ಮೇಲೆ ಅವು ನರಕೋಶಗಳಂತೆ ಕವಲೊಡೆದವು. ಸುಮಾರು 11ರಲ್ಲಿ ಸ್ನಾಯುಕೋಶಗಳತ್ತ, 34ರ ಆಸುಪಾಸಿನಲ್ಲಿ ಮೂಳೆಕೋಶಗಳತ್ತ ತಿರುಗಿದವು. (ಮೂಳೆ ಎಂದೊಡನೆ ಗಟ್ಟಿ ಎಲುಬನ್ನು ನೆನೆಯಬೇಡ, ಇದು ಸುಣ್ಣದಂಶ ಕೂಡುವ ಮೊದಲಿನ ಎಳೆಯ ಹಂದರದ ಗಡಸುತನ.) ನಿಮ್ಮ ಪ್ರಯೋಗಾಲಯದ ಪ್ಲಾಸ್ಟಿಕ್ ತಟ್ಟೆ ಸ್ನಾಯುವಿಗಿಂತ ಲಕ್ಷಪಟ್ಟಿಗೂ ಹೆಚ್ಚು ಗಡಸು, ಅದರಲ್ಲಿ ಬೆಳೆದ ಕೋಶದ ನಡವಳಿಕೆಯನ್ನೇ ದೇಹದೊಳಗಿನ ನಡವಳಿಕೆಯೆಂದು ನಂಬುವ ಮುನ್ನ ನಾನಾದರೆ ಎರಡು ಬಾರಿ ಯೋಚಿಸುತ್ತೇನೆ.

ಅದೇ ತಂಡ ಇನ್ನೊಂದು ಕೆಲಸ ಮಾಡಿತು. ಬ್ಲೆಬಿಸ್ಟಾಟಿನ್ ಎಂಬ ರಾಸಾಯನಿಕವನ್ನು ಹಾಕಿ ಮಯೋಸಿನ್‌ನ ಕೈ ಕಟ್ಟಿತು. ಕೋಶಗಳು ಜೆಲ್ಲನ್ನು ಮುಟ್ಟಿಕೊಂಡೇ ಇದ್ದವು, ಆದರೆ ಎಳೆಯಲಾರದೆ ಹೋದವು. ಯಾವ ಜೆಲ್ ಮೇಲೆ ಏನಾಗಬೇಕೆಂಬುದು ಅವಕ್ಕೆ ತಿಳಿಯದಾಯಿತು. ಇದನ್ನು ಮತ್ತೆ ಓದುವಾಗಲೇ ಬಸ್‌ನಿಲ್ದಾಣದಲ್ಲಿ ನಾನು ಆಡಿದ ಮಾತು ನೆನಪಾದದ್ದು.

ಇಂತಿ,
ನಿನ್ನ ಅಪ್ಪ