ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ: ಮಾತ್ರೆ ಕೊಡುವ ಕಿಟಕಿಯಲ್ಲಿ ಯಾರಿದ್ದಾರೆ?

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ನಿಮಗೆ ಗೊತ್ತೇ ಇರುತ್ತದೆ. ವೈದ್ಯರು ತಮ್ಮ ರೋಗಿಗೆ ತಾವೇ ಔಷಧ ಕೊಡುವುದನ್ನು ಬಿಟ್ಟರೆ, ಚೀಟಿ ನೋಡಿ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ. ಸರ್ಕಾರಿ ಆಸ್ಪತ್ರೆಗೆ ಔಷಧ ಮಾರಾಟದ ಪರವಾನಗಿ ಬೇಡವೆಂದು ವಿನಾಯಿತಿ ಕೊಟ್ಟ, ಔಷಧ ನಿಯಮಗಳ ಷೆಡ್ಯೂಲ್ ಕೆ ಕೂಡ, ವಿತರಣೆ ಅರ್ಹರ ಕೈಯಲ್ಲಿ ಇಲ್ಲವೇ ಅವರ ಮೇಲ್ವಿಚಾರಣೆಯಲ್ಲಿ ನಡೆಯಬೇಕೆಂದೇ ಹೇಳುತ್ತದೆ. ಹಾಗಿದ್ದ ಮೇಲೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ವಾರಕ್ಕೆ ಮೂರು ದಿನ ಔಷಧದ ಕಿಟಕಿಯಲ್ಲಿ ಡಿ ಗ್ರೂಪ್ ನೌಕರರು ನಿಲ್ಲುವುದು ಯಾವ ಕಲಂ ಪ್ರಕಾರ?

ಉತ್ತರ ಎಲ್ಲರಿಗೂ ಗೊತ್ತಿದೆ: ನಿಯೋಜನೆ. ಪಕ್ಕದ ಕೇಂದ್ರದಲ್ಲಿ ಹುದ್ದೆ ಖಾಲಿ. ಅದಕ್ಕೆ ಇಲ್ಲಿಯ ಫಾರ್ಮಸಿಸ್ಟ್ ಸೋಮ, ಬುಧ, ಶುಕ್ರ ಇಲ್ಲಿ. ಮಂಗಳ, ಗುರು, ಶನಿ ಅಲ್ಲಿ. ಜ್ವರ ಮಾತ್ರ ಈ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ.

ಒಂದು ಕೇಂದ್ರದಲ್ಲಿ ನಡೆದದ್ದು ಕೇಳಿ. ಮಗುವಿನ ಕೆಮ್ಮಿಗೆ ಅಮಾಕ್ಸಿಸಿಲಿನ್ ಡ್ರೈ ಸಿರಪ್, ಅಂದರೆ ನೀರು ಬೆರೆಸಿ ಕಲಸಬೇಕಾದ ಆ್ಯಂಟಿಬಯಾಟಿಕ್ ಪುಡಿ, ಬರೆದಿದ್ದರು. ಕಿಟಕಿಯಿಂದ ಬಾಟಲಿ ಬಂತು, ಜೊತೆಗೆ "ದಿನಕ್ಕೆ ಮೂರು ಸಲ ಒಂದೊಂದು ಚಮಚ" ಎಂಬ ಮಾತೂ ಬಂತು. ನೀರಿನ ಮಾತು ಯಾರೂ ಎತ್ತಲಿಲ್ಲ. ಮರುದಿನ ತಾಯಿ ಬಾಟಲಿ ಹಿಡಿದು ವಾಪಸ್ ಬಂದಾಗ ಪುಡಿ ಅರ್ಧ ಖಾಲಿ. ಚಮಚದಲ್ಲಿ ಪುಡಿಯನ್ನೇ ತಿನ್ನಿಸಿದ್ದರು! 5 ಎಂಎಲ್‌ಗೆ 125 ಎಂಜಿಯಂತೆ 30 ಎಂಎಲ್ ಬಾಟಲಿಯಲ್ಲಿರುವುದು ಒಟ್ಟು 750 ಎಂಜಿ, ಅಂದರೆ ಆರು ಡೋಸ್. ಅದರಲ್ಲಿ ಮೂರು ಡೋಸ್ ಎರಡು ಚಮಚದಲ್ಲಿ ಮುಗಿದಿತ್ತು. ಮಗುವಿಗೆ ಭೇದಿಯಾಗಿ ಅಷ್ಟಕ್ಕೇ ನಿಂತಿತು, ಪುಣ್ಯ.

ಆ ತಾಯಿಯದು ತಪ್ಪಲ್ಲ, ಕಿಟಕಿಯಲ್ಲಿದ್ದ ನೌಕರನದೂ ಅಲ್ಲ. ಕುದಿಸಿ ಆರಿಸಿದ ನೀರನ್ನು ಬಾಟಲಿಯ ಮೇಲಿನ ಗುರುತಿಗಿಂತ ಕೆಳಗೆ ಹಾಕಿ ಚೆನ್ನಾಗಿ ಕುಲುಕಬೇಕು. ನೊರೆ ಇಳಿದ ಮೇಲೆ ಮತ್ತೆ ಗುರುತಿನವರೆಗೆ ತುಂಬಬೇಕು. ಕತ್ತಿನವರೆಗೆ ತುಂಬಿದರೆ ಔಷಧ ತೆಳ್ಳಗಾಗಿ ಸೋಂಕು ಹೋಗದು. ಕಲಸಿದ್ದನ್ನು ಏಳು ದಿನದಲ್ಲಿ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಇಷ್ಟನ್ನು ಹೇಳಿಕೊಡಲು ಎರಡು ನಿಮಿಷ ಸಾಕು. ಆದರೆ ಹೇಳಬೇಕೆಂದು ಗೊತ್ತಿರಲು ಎರಡು ವರ್ಷದ ಫಾರ್ಮಸಿ ಡಿಪ್ಲೊಮಾ (ಡಿ.ಫಾರ್ಮ), ಅದರ ಮೇಲೆ 500 ಗಂಟೆಯ ತರಬೇತಿ ಬೇಕೆಂದು ನಿಯಮ ಮಾಡಿದವರು ನಾವಲ್ಲ.

ಪ್ಯಾರಾಸಿಟಮಾಲ್ ಸಿರಪ್ಪಿನ ಕಥೆಯೂ ಬೇರೆಯಲ್ಲ. ಅದು 5 ಎಂಎಲ್‌ಗೆ 125 ಎಂಜಿಯದೂ ಬರುತ್ತದೆ, 250 ಎಂಜಿಯದೂ ಬರುತ್ತದೆ. ಹತ್ತು ಕೆ.ಜಿ. ಮಗುವಿಗೆ 150 ಎಂಜಿ ಬೇಕಾದರೆ ಮೊದಲನೆಯದರಲ್ಲಿ 6 ಎಂಎಲ್, ಎರಡನೆಯದರಲ್ಲಿ 3 ಎಂಎಲ್. ಸ್ಟಾಕ್ ಬದಲಾದ ದಿನ ಇದನ್ನು ಗಮನಿಸುವವರು ಯಾರು?

ದೊಡ್ಡವರ ಪಾಡೂ ಇದೇ. ಸ್ಟ್ರಿಪ್ ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರಿಲ್ಲ, ಎಕ್ಸ್‌ಪೈರಿ ತಾರೀಖಿಲ್ಲ. ಎರಡೂ ಸಕ್ಕರೆ ಕಾಯಿಲೆಯ ಮಾತ್ರೆಗಳೇ, ಆದರೆ ಅಜ್ಜಿ ರಾತ್ರಿ ಮೆಟ್‌ಫಾರ್ಮಿನ್ ಎಂದುಕೊಂಡು, ರಕ್ತದ ಸಕ್ಕರೆಯನ್ನು ತೀರಾ ಇಳಿಸಬಲ್ಲ ಗ್ಲಿಮೆಪಿರೈಡ್ ನುಂಗಿ, ಊಟ ಸೇರದೆ ಹಾಗೇ ಮಲಗಿದರೆ ನಡುರಾತ್ರಿ ಬೆವರಿ, ನಡುಗಿ, ಪ್ರಜ್ಞೆ ತಪ್ಪುತ್ತಾರೆ. ಮನೆಯವರು "ವಯಸ್ಸಾಯ್ತು" ಎನ್ನುತ್ತಾರೆ.

ಇನ್ನು ಲೆಕ್ಕ. ಎರಡು ಕೇಂದ್ರ ಸುತ್ತುವವರು ಆನ್‌ಲೈನ್ ಎಂಟ್ರಿ ಮಾಡುವುದು ಯಾವಾಗ? ಕೊಟ್ಟ ಮಾತ್ರೆ ಕಂಪ್ಯೂಟರಿನಲ್ಲಿ ಖರ್ಚಾಗಿಲ್ಲ. ಕಪಾಟು ಬರಿದಾಗಿದ್ದರೂ ಪರದೆಯಲ್ಲಿ ಸ್ಟಾಕ್ ತುಂಬಿದೆ. ಮುಂದಿನ ಇಂಡೆಂಟಿಗೆ (ಔಷಧದ ಬೇಡಿಕೆ ಪಟ್ಟಿಗೆ) "ಸಾಕಷ್ಟಿದೆ" ಎಂದು ಕತ್ತರಿ ಬೀಳುತ್ತದೆ. ಆಮೇಲೆ ರೋಗಿಯ ಕೈಗೆ ಹೊರಗಿನ ಚೀಟಿ. ಅವರು ಹೋಗುವ ಖಾಸಗಿ ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್ ಇಲ್ಲದಿದ್ದರೆ ನಿಮ್ಮದೇ ಔಷಧ ನಿಯಂತ್ರಣ ಇಲಾಖೆ ನೋಟಿಸ್ ಅಂಟಿಸುತ್ತದೆ, ಲೈಸೆನ್ಸ್ ಅಮಾನತು ಮಾಡುತ್ತದೆ. ಮಾಡಲಿ, ಸಂತೋಷ. ಅದೇ ಇನ್‌ಸ್ಪೆಕ್ಟರ್ ರಸ್ತೆ ದಾಟಿ ಪಿಎಚ್‌ಸಿಯ ಕಿಟಕಿಗೂ ಒಮ್ಮೆ ಇಣುಕಿದರೆ ಏನು ಬರೆದುಕೊಳ್ಳುತ್ತಾರೆ ಸ್ವಾಮಿ?

ಜನ ಸಿಗುವುದಿಲ್ಲ ಎನ್ನಬೇಡಿ. ಕೋರ್ಸ್ ಮುಗಿಸಿ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡ ಹುಡುಗ ಹುಡುಗಿಯರು ಅಂಗಡಿಗಳಲ್ಲಿ ಸಿಕ್ಕಷ್ಟು ಸಂಬಳಕ್ಕೆ ದುಡಿಯುತ್ತಿದ್ದಾರೆ. ಕೆಲವರು ಮೆಡಿಕಲ್ ಶಾಪ್‌ನ ಗೋಡೆಗೆ ನೇತುಹಾಕಲು ಸರ್ಟಿಫಿಕೇಟನ್ನು ಬಾಡಿಗೆಗೆ ಕೊಟ್ಟು ಬೇರೆ ಕೆಲಸ ಹಿಡಿದಿದ್ದಾರೆ. ಅದು ತಪ್ಪೇ, ಆದರೆ ಆ ತಪ್ಪಿಗೆ ದಾರಿ ಮಾಡಿದ್ದರಲ್ಲಿ ಖಾಲಿ ಬಿಟ್ಟ ಹುದ್ದೆಗಳ ಪಾಲೂ ಇದೆ.

ಬೇಡಿಕೆ ಒಂದೇ: ನಿಯೋಜನೆ ರದ್ದು ಮಾಡಿ, ಖಾಲಿ ಹುದ್ದೆ ತುಂಬಿ. ಬಯಲುಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಪಿಎಚ್‌ಸಿ ಎಂಬ ಮಾನದಂಡ ನಿಮ್ಮ ಕಡತದಲ್ಲೇ ಇದೆ; ಅಷ್ಟು ಜನಕ್ಕೆ ವಾರವಿಡೀ ಇರುವ ಒಬ್ಬ ಫಾರ್ಮಸಿಸ್ಟ್ ಕೇಳುವುದು ದುರಾಸೆಯಲ್ಲ. ಮತ್ತೆ ಹೇಳುತ್ತೇವೆ: ನಿಯೋಜನೆ ರದ್ದು ಮಾಡಿ, ಹುದ್ದೆ ತುಂಬಿ.

ನೇಮಕಾತಿಗೆ ಸಮಯ ಬೇಕು ಎನ್ನುತ್ತೀರಿ, ಒಪ್ಪಿದೆವು. ಅಲ್ಲಿಯವರೆಗೆ, ಫಾರ್ಮಸಿಸ್ಟ್ ಇಲ್ಲದ ದಿನ ಡ್ರೈ ಸಿರಪ್ಪನ್ನು ಶುಶ್ರೂಷಾಧಿಕಾರಿ ಕೈಯಲ್ಲೇ ಕಲಸಿಸಿ ಕೊಡಬೇಕು, ಸ್ಟ್ರಿಪ್ಪನ್ನು ಹೆಸರು ಬರೆದ ಕವರಿನಲ್ಲೇ ಕೊಡಬೇಕು ಎಂದಾದರೂ ಒಂದು ಸುತ್ತೋಲೆ ಹೊರಡಿಸಿ. ಅದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆಯೂ ಬೇಕಿಲ್ಲ.

ಇಂತಿ,
ನೋಂದಾಯಿತ ಫಾರ್ಮಸಿಸ್ಟರ ಪರವಾಗಿ